ಸಿಗ್ನಲ್ ಪ್ರೊಸೆಸಿಂಗ್ ಪ್ರೊಫೆಸರ್ ಒಬ್ಬರ ಸಿ.ವಿ. ಓದುವುದು ಹೇಗೆ?

ಪ್ರಶ್ನೆ: ಎಲೆಕ್ಟ್ರಾನಿಕ್ಸ್‌ನಲ್ಲಿ ಸ್ನಾತಕೋತ್ತರ ಓದು ಮುಗಿಸಿ, ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ ಪಿಎಚ್‌ಡಿ ಮಾಡಲು ಗೈಡ್ ಹುಡುಕುತ್ತಿದ್ದೇನೆ. ಹಿರಿಯ ಪ್ರೊಫೆಸರ್ ಒಬ್ಬರ ಸಿ.ವಿ. ನೋಡಿದೆ. ಮೊದಲು ಸ್ಪೀಚ್ ಕೋಡಿಂಗ್, ಆಮೇಲೆ ಅಡಾಪ್ಟಿವ್ ಫಿಲ್ಟರ್, ನಂತರ ಆಂಟೆನಾ ಅರೇ, ಈಗ ಎಂಆರ್‌ಐ ಚಿತ್ರಗಳು. ಇವರು ಯಾವುದರಲ್ಲೂ ನೆಲೆ ನಿಲ್ಲಲಿಲ್ಲವೇ? ಇಂಥ ವೃತ್ತಿ ಒಳಗಿನಿಂದ ಹೇಗಿರುತ್ತದೆ? ಡೀಪ್ ಲರ್ನಿಂಗ್ ಬಂದ ಮೇಲೆ ಈ ಕ್ಷೇತ್ರದಲ್ಲಿ ಇನ್ನೂ ಮೂವತ್ತು ವರ್ಷ ಕಳೆಯುವುದಕ್ಕೆ ಏನಾದರೂ ಉಳಿದಿದೆಯಾ?

ಉತ್ತರ: ಅವರು ಒಂದೇ ಕಡೆ ನಿಂತಿದ್ದಾರೆ. ನೀವು ನೋಡಿದ್ದು ಪೇಪರ್‌ಗಳ ಶೀರ್ಷಿಕೆ. ಸಿಗ್ನಲ್ ಎಲ್ಲಿಂದ ಬಂತು ಅನ್ನುವುದನ್ನಷ್ಟೇ ಶೀರ್ಷಿಕೆ ಹೇಳುತ್ತದೆ. ಅದರೊಂದಿಗೆ ಅವರು ಏನು ಮಾಡಿದರು ಅನ್ನುವುದಕ್ಕೆ ಒಳಗೆ ಇಳಿಯಬೇಕು.

ಇಳಿದು ನೋಡೋಣ. ಸ್ಪೀಚ್ ಕೋಡಿಂಗ್ ಅಂದರೆ ಹಳೆಯ ಕಾಲದಲ್ಲಿ ಮುಖ್ಯವಾಗಿ ಲೀನಿಯರ್ ಪ್ರಿಡಿಕ್ಷನ್. ಸೆಕೆಂಡಿಗೆ 8000 ಸ್ಯಾಂಪಲ್ ತೆಗೆದುಕೊಂಡ ಮಾತನ್ನು 20 ಮಿಲಿಸೆಕೆಂಡ್‌ನ ತುಂಡುಗಳಾಗಿ ಕತ್ತರಿಸುತ್ತಾರೆ, ತುಂಡಿಗೆ 160 ಸ್ಯಾಂಪಲ್. ಪ್ರತಿ ಸ್ಯಾಂಪಲ್ ಅನ್ನೂ ಅದರ ಹಿಂದಿನ ಸುಮಾರು 10 ಸ್ಯಾಂಪಲ್‌ಗಳಿಂದ ಊಹಿಸಲು ನೋಡುತ್ತಾರೆ. ಊಹೆಯ ತಪ್ಪು ಅತಿ ಕಡಿಮೆ ಆಗಬೇಕಾದರೆ ಒಂದು ಸಮೀಕರಣಗಳ ಗುಂಪನ್ನು ಬಿಡಿಸಬೇಕು. ಅದರ ನಡುವೆ ಕೂತಿರುವುದು ಆಟೋಕೋರಿಲೇಷನ್ ಮ್ಯಾಟ್ರಿಕ್ಸ್, ಅಂದರೆ ಸಿಗ್ನಲ್ ತನ್ನದೇ ಹಿಂದಿನ ಸ್ಯಾಂಪಲ್‌ಗಳನ್ನು ಎಷ್ಟು ಹೋಲುತ್ತದೆ ಅನ್ನುವ ಸಂಖ್ಯೆಗಳ ಚೌಕ ಪಟ್ಟಿ.

ಈಗ ಅಡಾಪ್ಟಿವ್ ಫಿಲ್ಟರ್‌ಗೆ ಬನ್ನಿ. ಅದೇ ಸಮೀಕರಣ, ಅದೇ ಮ್ಯಾಟ್ರಿಕ್ಸ್. ಇಲ್ಲಿ ಇಡೀ ತುಂಡು ಕೈಗೆ ಸಿಗುವವರೆಗೆ ಕಾಯುವುದಿಲ್ಲ, ಒಂದೊಂದು ಸ್ಯಾಂಪಲ್ ಬಂದ ಹಾಗೂ ಉತ್ತರವನ್ನು ಸ್ವಲ್ಪ ಸ್ವಲ್ಪ ತಿದ್ದುತ್ತಾ ಹೋಗುತ್ತಾರೆ, ಅಷ್ಟೇ ವ್ಯತ್ಯಾಸ. ಆಂಟೆನಾ ಅರೇಯಲ್ಲಿ? ಕಾಲದ ಬದಲು ಜಾಗ ಬಂತು. ಒಂದೇ ಆಂಟೆನಾದಿಂದ ಬೇರೆ ಬೇರೆ ಕ್ಷಣಗಳಲ್ಲಿ ಸ್ಯಾಂಪಲ್ ತೆಗೆಯುವ ಬದಲು, ಒಂದೇ ಕ್ಷಣದಲ್ಲಿ ಬೇರೆ ಬೇರೆ ಆಂಟೆನಾಗಳಿಂದ ತೆಗೆಯುತ್ತಾರೆ. ಎರಡು ಆಂಟೆನಾಗಳ ನಡುವೆ ಅರ್ಧ ತರಂಗಾಂತರಕ್ಕಿಂತ ಜಾಸ್ತಿ ದೂರ ಇದ್ದರೆ ದಿಕ್ಕು ಗೊಂದಲವಾಗುತ್ತದೆ ಅನ್ನುವ ನಿಯಮ ಇದೆಯಲ್ಲ, ಅದು ನೈಕ್ವಿಸ್ಟ್ ಸ್ಯಾಂಪ್ಲಿಂಗ್ ನಿಯಮವೇ (ಸಿಗ್ನಲ್‌ನ ಅತಿ ವೇಗದ ಏರಿಳಿತಕ್ಕೆ ಒಂದು ಸುತ್ತಿಗೆ ಎರಡಕ್ಕಿಂತ ಹೆಚ್ಚು ಸ್ಯಾಂಪಲ್ ಬೇಕು ಅನ್ನುವುದು), ಬೇರೆ ಅಂಗಿ ಹಾಕಿಕೊಂಡು ಬಂದಿದೆ. ಮತ್ತೆ ಅದೇ ಕೋರಿಲೇಷನ್ ಮ್ಯಾಟ್ರಿಕ್ಸ್, ಈ ಸಲ ಅದು ದಿಕ್ಕು ಬದಲಿಸದೆ ಬರೀ ಹಿಗ್ಗಿಸುವ ಅಥವಾ ಕುಗ್ಗಿಸುವ ವೆಕ್ಟರ್‌ಗಳು, ಅಂದರೆ ಐಗನ್ ವೆಕ್ಟರ್‌ಗಳು ಬೇಕು. ಎಂಆರ್‌ಐ ಸ್ವಲ್ಪ ದೂರದ ನೆಂಟ. ಸ್ಕ್ಯಾನರ್ ಕೊಡುವುದು ಚಿತ್ರವನ್ನಲ್ಲ, ಚಿತ್ರದ ಫೂರಿಯರ್ ಅಂಶಗಳನ್ನು, ಅಂದರೆ ಅದರಲ್ಲಿ ಯಾವ ಯಾವ ಅಲೆ ಎಷ್ಟೆಷ್ಟಿದೆ ಅನ್ನುವ ಸಂಖ್ಯೆಗಳನ್ನು. ರೋಗಿ ಒಳಗೆ ಅಲುಗಾಡದೆ ಮಲಗಬೇಕಾದ ಹೊತ್ತು ಕಡಿಮೆ ಮಾಡಲು ಅವುಗಳಲ್ಲಿ ಕೆಲವನ್ನು ಮಾತ್ರ ಅಳೆದು, ಉಳಿದದ್ದನ್ನು ಲೆಕ್ಕದಿಂದ ತುಂಬಿಸಿಕೊಳ್ಳುತ್ತಾರೆ. ಇಲ್ಲಿಯೂ ತಪ್ಪನ್ನು ಕನಿಷ್ಠಕ್ಕೆ ಇಳಿಸುವ ಲೆಕ್ಕವೇ. ಜೊತೆಗೆ "ಈ ಚಿತ್ರವನ್ನು ಸರಿಯಾದ ರೂಪಕ್ಕೆ ಬದಲಿಸಿದರೆ ಬಹುಪಾಲು ಸಂಖ್ಯೆಗಳು ಸೊನ್ನೆಯ ಹತ್ತಿರ ಇರುತ್ತವೆ" ಅನ್ನುವ ಒಂದು ನಂಬಿಕೆ ಸೇರಿಕೊಂಡಿದೆ. 2006ರ ಸುಮಾರಿಗೆ ಕ್ಯಾಂಡೆಸ್, ಟಾವ್, ಡೊನೊಹೊ ಮುಂತಾದವರ ಪೇಪರ್‌ಗಳಿಂದ ಕಂಪ್ರೆಸ್ಡ್ ಸೆನ್ಸಿಂಗ್ ಅನ್ನುವ ಹೆಸರಿನಲ್ಲಿ ಇದು ದೊಡ್ಡ ಅಲೆಯಾಯಿತು.

ಅಂದರೆ ನಿಮ್ಮ ಪ್ರೊಫೆಸರ್ ನಾಲ್ಕು ಊರು ತಿರುಗಿದವರಲ್ಲ. ಒಂದು ಮ್ಯಾಟ್ರಿಕ್ಸ್ ಹಿಡಿದು ನಾಲ್ಕು ಕಡೆ ಕೆಲಸ ಮಾಡಿದವರು. ಈ ಕ್ಷೇತ್ರದಲ್ಲಿ ದೀರ್ಘ ಕಾಲ ಬಾಳಿದ ವೃತ್ತಿಗಳೆಲ್ಲ ಹೆಚ್ಚುಕಮ್ಮಿ ಹೀಗೇ ಇವೆ: ವಿಷಯ ಹತ್ತು ಹದಿನೈದು ವರ್ಷಕ್ಕೆ ಹಳತಾಗುತ್ತದೆ, ಸಲಕರಣೆ ಹಳತಾಗುವುದಿಲ್ಲ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಥಾಮಸ್ ಕೈಲತ್. ಪುಣೆಯಲ್ಲಿ ಹುಟ್ಟಿ, 1961ರಲ್ಲಿ ಎಂಐಟಿಯಿಂದ ಡಾಕ್ಟರೇಟ್ ಪಡೆದು, 1963ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದವರು. 60ರ ದಶಕದಲ್ಲಿ ಮಾಹಿತಿ ಸಿದ್ಧಾಂತ ಮತ್ತು ಸಂವಹನ, 70ರಲ್ಲಿ ಲೀನಿಯರ್ ಸಿಸ್ಟಮ್ ಮತ್ತು ಎಸ್ಟಿಮೇಷನ್, 80ರಲ್ಲಿ ವಿಎಲ್‌ಎಸ್‌ಐ (ಒಂದೇ ಚಿಪ್‌ನಲ್ಲಿ ಅಸಂಖ್ಯ ಟ್ರಾನ್ಸಿಸ್ಟರ್ ಕೂರಿಸುವುದು) ಮತ್ತು ಸೆನ್ಸರ್ ಅರೇ, 90ರಲ್ಲಿ ಸೆಮಿಕಂಡಕ್ಟರ್ ತಯಾರಿಕೆ. ಬರೀ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಆದರೆ ಟಾಪ್ಲಿಟ್ಜ್ (ಪ್ರತಿ ಕರ್ಣದ ಉದ್ದಕ್ಕೂ ಒಂದೇ ಸಂಖ್ಯೆ ಇರುವ) ತರಹದ, ಒಳಗೆ ಒಂದು ಕ್ರಮ ಇರುವ ಮ್ಯಾಟ್ರಿಕ್ಸ್‌ಗಳನ್ನು ಬೇಗ ಬಿಡಿಸುವುದು ಹೇಗೆ ಅನ್ನುವ ಪ್ರಶ್ನೆ ಆ ಕೆಲಸದಲ್ಲಿ ಮತ್ತೆ ಮತ್ತೆ ಬರುತ್ತದೆ. ಮೇಲೆ ಹೇಳಿದ ಸ್ಪೀಚ್ ಮ್ಯಾಟ್ರಿಕ್ಸ್ ಕೂಡ ಅದೇ ಜಾತಿಯದು. ಅವರ ಜೊತೆ ಕೆಲಸ ಮಾಡಿದ ಆರೋಗ್ಯಸ್ವಾಮಿ ಪಾಲ್‌ರಾಜ್ ಭಾರತೀಯ ನೌಕಾಪಡೆಗೆ ಸೋನಾರ್ ಕಟ್ಟಿದವರು. ಇಬ್ಬರ ಹೆಸರಲ್ಲೂ ಇರುವ 1994ರ ಪೇಟೆಂಟ್, ಇವತ್ತು ವೈಫೈ ಮತ್ತು ಮೊಬೈಲ್‌ನಲ್ಲಿರುವ ಮೈಮೋ (ಎರಡೂ ತುದಿಯಲ್ಲಿ ಹಲವು ಆಂಟೆನಾ ಬಳಸುವ) ತಂತ್ರದ ಆರಂಭದ ಪೇಟೆಂಟ್‌ಗಳಲ್ಲಿ ಒಂದು. ನೀರಿನೊಳಗಿನ ಸದ್ದಿಗೂ ಮೊಬೈಲ್ ಟವರಿಗೂ ಏನು ಸಂಬಂಧ ಅನ್ನಬೇಡಿ, ಎರಡೂ ಕಡೆ ಅರೇ ಇದೆ.

ಇನ್ನು ಸಿ.ವಿ.ಯನ್ನು ಓದುವ ಬಗೆ. ಪೇಪರ್‌ಗಳ ಒಟ್ಟು ಸಂಖ್ಯೆಯನ್ನು ಮೊದಲು ನೋಡಬೇಡಿ, ಅದು ಹೆಚ್ಚೇನೂ ಹೇಳುವುದಿಲ್ಲ. ಲೇಖಕರ ಸಾಲು ನೋಡಿ. ನಮ್ಮ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಕೆಲಸ ಮಾಡಿದ ವಿದ್ಯಾರ್ಥಿಯ ಹೆಸರು ಮೊದಲು, ಗೈಡ್ ಹೆಸರು ಕೊನೆಗೆ. ವೃತ್ತಿಯ ಮೊದಲ ಕೆಲವು ವರ್ಷಗಳಲ್ಲಿ ಅವರ ಹೆಸರು ಮೊದಲು ಬರುತ್ತದೆ, ಬರುಬರುತ್ತಾ ಕೊನೆಗೆ ಸರಿಯುತ್ತದೆ. ಈ ಸರಿಯುವಿಕೆಯೇ ಪ್ರೊಫೆಸರ್ ಆಗುವ ನಿಜವಾದ ಪ್ರಕ್ರಿಯೆ. ಅಸಿಸ್ಟೆಂಟ್, ಅಸೋಸಿಯೇಟ್, ಪ್ರೊಫೆಸರ್ ಅನ್ನುವ ಬೋರ್ಡುಗಳು ಅದರ ಹಿಂದೆ ಬರುತ್ತವೆ, ಕೆಲವೊಮ್ಮೆ ತುಂಬ ಹಿಂದೆ. ಐವತ್ತು ದಾಟಿದ ಮೇಲೂ ಆಗಾಗ ಒಬ್ಬರೇ ಬರೆದ ಪೇಪರ್ ಒಂದು ಕಾಣಿಸಿದರೆ ಅದನ್ನು ಓದಿ. ಇವರು ಈಗಲೂ ಪೆನ್ನು ಹಿಡಿದು ತಾವೇ ಲೆಕ್ಕ ಮಾಡುತ್ತಾರೆ ಅಂತ ಅರ್ಥ.

ಜರ್ನಲ್ ಹೆಸರುಗಳಲ್ಲಿ ಚರಿತ್ರೆಯೂ ಇದೆ. 1990ರವರೆಗಿನ ಪೇಪರ್‌ಗಳ ಮುಂದೆ "ಅಕೌಸ್ಟಿಕ್ಸ್, ಸ್ಪೀಚ್ ಅಂಡ್ ಸಿಗ್ನಲ್ ಪ್ರೊಸೆಸಿಂಗ್" ಅಂತ ಉದ್ದ ಹೆಸರು, 1991ರಿಂದ ಬರೀ "ಸಿಗ್ನಲ್ ಪ್ರೊಸೆಸಿಂಗ್". ಎರಡೂ ಒಂದೇ ಜರ್ನಲ್. ಅದನ್ನು ತರುವ ಸಂಘ 1948ರಲ್ಲಿ ಹುಟ್ಟಿದ್ದು ಆಡಿಯೊ ಎಂಜಿನಿಯರ್‌ಗಳ ಗುಂಪಾಗಿ. ಧ್ವನಿಗೆ ಅಂತ ಕಟ್ಟಿದ ಗಣಿತ ಆಮೇಲೆ ರೇಡಾರ್, ಭೂಕಂಪ, ಇಸಿಜಿ, ಚಿತ್ರ ಎಲ್ಲಕ್ಕೂ ಒದಗಿತು, ಹಾಗಾಗಿ ಹೆಸರಿನಿಂದ ಧ್ವನಿ ಬಿಟ್ಟುಹೋಯಿತು. 1976ರಿಂದ ನಡೆಯುತ್ತಿರುವ ಐಕಾಸ್ಪ್ (ಇಂಟರ್‌ನ್ಯಾಷನಲ್ ಕಾನ್ಫರೆನ್ಸ್ ಆನ್ ಅಕೌಸ್ಟಿಕ್ಸ್, ಸ್ಪೀಚ್ ಅಂಡ್ ಸಿಗ್ನಲ್ ಪ್ರೊಸೆಸಿಂಗ್) ಸಮ್ಮೇಳನದ ಹೆಸರಿನಲ್ಲಿ ಮಾತ್ರ ಅದು ಇನ್ನೂ ಉಳಿದಿದೆ. ಆ ಸಮ್ಮೇಳನದ ಪೇಪರ್ ಅಂದರೆ ನಾಲ್ಕು ಪುಟ ವಿಷಯ, ಅಷ್ಟೇ. ಅದೇ ಕೆಲಸದ ಪೂರ್ತಿ ರೂಪ ಜರ್ನಲ್‌ಗೆ ಹೋಗಿ, ರಿವ್ಯೂ, ತಿದ್ದುಪಡಿ, ಮತ್ತೆ ರಿವ್ಯೂ ಆಗಿ ಅಚ್ಚಾಗುವಾಗ ವರ್ಷ ದಾಟುವುದು ಮಾಮೂಲು. ಹಾಗಾಗಿ ಒಂದು ವರ್ಷ ಸಿ.ವಿ. ಖಾಲಿ ಇದ್ದರೆ ಆ ವರ್ಷ ಕೆಲಸ ಆಗಲಿಲ್ಲ ಅಂತಲ್ಲ, ಅದರ ಹಿಂದಿನ ಒಂದೆರಡು ವರ್ಷ ಏನಾಯಿತು ಅಂತ ಕೇಳಬೇಕು. ಹೊಸ ಲ್ಯಾಬ್ ಕಟ್ಟಿರಬಹುದು, ವಿಭಾಗದ ಮುಖ್ಯಸ್ಥರಾಗಿರಬಹುದು. ಎರಡನೆಯದು ಸಂಶೋಧನೆಯನ್ನು ಹೇಗೆ ತಿನ್ನುತ್ತದೆ ಅಂತ ಆ ಕುರ್ಚಿಯಲ್ಲಿ ಕೂತವರಿಗೇ ಗೊತ್ತು.

ಐಇಇಇ (ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಸ್ಥೆ) ಫೆಲೊ ಅಂತ ಬರೆದಿದ್ದರೆ ಅದಕ್ಕೆ ತೂಕ ಇದೆ. ವರ್ಷಕ್ಕೆ ಮತದಾನದ ಹಕ್ಕಿರುವ ಸದಸ್ಯರಲ್ಲಿ ಶೇಕಡಾ 0.1ಕ್ಕಿಂತ ಜಾಸ್ತಿ ಜನಕ್ಕೆ ಅದನ್ನು ಕೊಡುವುದಿಲ್ಲ, ಮತ್ತು ಯಾವ ಕೆಲಸಕ್ಕೆ ಕೊಟ್ಟರು ಅಂತ ಒಂದು ಸಾಲು ಜೊತೆಗಿರುತ್ತದೆ. ಆ ಸಾಲು ಓದಿದರೆ ಇಡೀ ಸಿ.ವಿ. ಅರ್ಧ ಅರ್ಥವಾದಂತೆ. ಎಚ್-ಇಂಡೆಕ್ಸ್ (ಕನಿಷ್ಠ h ಸಲ ಉಲ್ಲೇಖವಾದ h ಪೇಪರ್‌ಗಳಿವೆ ಅನ್ನುವ ಅಂಕಿ) ಮಾತ್ರ ಬೇರೆ ಬೇರೆ ಉಪವಿಷಯದವರ ನಡುವೆ ಹೋಲಿಸಬೇಡಿ. ಫಿಲ್ಟರ್ ಬ್ಯಾಂಕ್ ಸಿದ್ಧಾಂತ ಬರೆಯುವವರನ್ನೂ ವೈರ್‌ಲೆಸ್ ಸಮೀಕ್ಷಾ ಲೇಖನ ಬರೆಯುವವರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದರೆ ಬರುವ ಉತ್ತರಕ್ಕೆ ಅರ್ಥವಿಲ್ಲ.

"ಒಳಗಿನಿಂದ ಹೇಗಿರುತ್ತದೆ" ಅಂತ ಕೇಳಿದ್ದೀರಿ. ಬಹಳಷ್ಟು ಹೊತ್ತು ಪಾಠ, ವಿದ್ಯಾರ್ಥಿಗಳ ಡ್ರಾಫ್ಟ್ ತಿದ್ದುವುದು, ಬೇರೆಯವರ ಪೇಪರ್ ರಿವ್ಯೂ ಮಾಡುವುದು, ಹಣಕ್ಕಾಗಿ ಪ್ರಸ್ತಾವನೆ ಬರೆಯುವುದು. ಕಮಿಟಿಗಳ ಬಗ್ಗೆ ಮಾತಾಡದಿರುವುದೇ ಒಳ್ಳೆಯದು. ಪಾಠ ಅಂದ ಕೂಡಲೇ ಅದು ಸಂಶೋಧನೆಗೆ ಅಡ್ಡಿ ಅಂತ ಹಲವರು ಮುಖ ಸಿಂಡರಿಸುತ್ತಾರೆ. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಅನ್ನುವ ಎರಡನೇ ವರ್ಷದ ಕೋರ್ಸ್ ವಿಷಯದಲ್ಲಿ ನಾನು ಇದನ್ನು ಒಪ್ಪುವುದಿಲ್ಲ. ಕಾನ್ವಲ್ಯೂಷನ್ (ಇನ್‌ಪುಟ್‌ನಿಂದ ಸಿಸ್ಟಮ್‌ನ ಔಟ್‌ಪುಟ್ ಕಂಡುಹಿಡಿಯುವ ಲೆಕ್ಕ) ಯಾಕೆ ಹಾಗೆ ಬರುತ್ತದೆ, ಸೈನ್ ಅಲೆ ಕಾಲದೊಂದಿಗೆ ಬದಲಾಗದ ಲೀನಿಯರ್ ಸಿಸ್ಟಮ್ ಒಳಗೆ ಹೋದರೆ ಯಾಕೆ ಸೈನ್ ಅಲೆಯಾಗಿಯೇ ಹೊರಬರುತ್ತದೆ ಅಂತ ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳಬೇಕಾದವರು ಆ ಮೂಲ ಪ್ರಶ್ನೆಗಳಿಂದ ದೂರ ಹೋಗಲಾರರು. ವಿಷಯ ಬದಲಿಸುವ ಧೈರ್ಯ ಬರುವುದು ಅಲ್ಲಿಂದಲೇ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಪ್ರೊಫೆಸರ್ ಇತ್ತೀಚಿನ ವರ್ಷಗಳಲ್ಲಿ ಯಾವ ಕೋರ್ಸ್ ಕಲಿಸಿದ್ದಾರೆ ನೋಡಿ. ಬರೀ ತಮ್ಮ ವಿಷಯದ ಐಚ್ಛಿಕ ಕೋರ್ಸ್‌ಗಳೇ ಇದ್ದರೆ ನನಗೆ ಸ್ವಲ್ಪ ಅನುಮಾನ.

ಪ್ರಸ್ತಾವನೆಗಳ ವಿಚಾರಕ್ಕೆ ಬಂದರೆ, ತಿರಸ್ಕಾರ ಇಲ್ಲಿ ದಿನನಿತ್ಯದ ಸಂಗತಿ. ಸಿ.ವಿ.ಯಲ್ಲಿ ಅದು ಕಾಣುವುದಿಲ್ಲ, ಯಾರೂ ಬರೆಯುವುದಿಲ್ಲ. ನಾಸಿರ್ ಅಹ್ಮದ್ ಬರೆದಿದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿ ಅಮೆರಿಕದ ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆಗಿದ್ದವರು. 1972ರಲ್ಲಿ ಅವರು ಕೊಸೈನ್‌ಗಳನ್ನು ಬಳಸಿ ಹೊಸ ಟ್ರಾನ್ಸ್‌ಫಾರ್ಮ್ (ಸಿಗ್ನಲ್ ಅನ್ನು ಬೇರೆ ರೂಪಕ್ಕೆ ಬದಲಿಸುವ ಲೆಕ್ಕ) ಕಟ್ಟುವ ಯೋಜನೆಗೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ ಹತ್ತಿರ ಹಣ ಕೇಳಿದರು. ಸಿಗಲಿಲ್ಲ. ಇದು ತೀರಾ ಸರಳ ಅಂತ ರಿವ್ಯೂ ಮಾಡಿದವರಿಗೆ ಅನಿಸಿತ್ತು ಅಂತ ಅವರೇ ಆಮೇಲೆ ನೆನಪಿಸಿಕೊಂಡಿದ್ದಾರೆ. ಮುಂದಿನ ಬೇಸಿಗೆಯಲ್ಲಿ ಹಣವಿಲ್ಲದೆಯೇ ಕೆಲಸ ಮಾಡಿದರು. ತಮ್ಮ ಪಿಎಚ್‌ಡಿ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ. ಆರ್. ರಾವ್ ಜೊತೆ ಬರೆದ ಪೇಪರ್ 1974ರ ಜನವರಿಯಲ್ಲಿ ಅಚ್ಚಾಯಿತು, ಬರೀ ನಾಲ್ಕು ಪುಟದ್ದು. ಅದೇ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಡಿಸಿಟಿ. 1992ರ ಜೆಪೆಗ್ ಮಾನದಂಡ ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ಒಡೆದು ಪ್ರತಿ ಚೌಕಕ್ಕೂ ಡಿಸಿಟಿ ಹಾಕುತ್ತದೆ. ನಿಮ್ಮ ಫೋನಿನಲ್ಲಿರುವ ಎಷ್ಟೋ ಫೋಟೋಗಳ ಒಳಗೆ ಅದು ಇದೆ. ಪೇಪರ್ ಬಂದ ದಿನ ಅವರ ಸಿ.ವಿ.ಯಲ್ಲಿ ಅದು ಇನ್ನೊಂದು ಸಾಲು ಅಷ್ಟೇ ಆಗಿತ್ತು, ಅದರ ಬೆಲೆ ಲೋಕಕ್ಕೆ ಗೊತ್ತಾಗಲು ಹದಿನೈದಿಪ್ಪತ್ತು ವರ್ಷ ಹಿಡಿಯಿತು. ಬಡ್ತಿ ಕಮಿಟಿಗಳು ಅಷ್ಟು ಕಾಯುವುದಿಲ್ಲ ಅಲ್ವಾ, ಹಾಗಾಗಿ ಎಲ್ಲರೂ ಸಣ್ಣ ಸಣ್ಣ ಖಚಿತ ಕೆಲಸಗಳನ್ನೂ ಜೊತೆಗೆ ಮಾಡುತ್ತಾ ಇರುತ್ತಾರೆ. ಎರಡು ಬಗೆಯ ಕೆಲಸವೂ ಇರುವ ಸಿ.ವಿ. ಆರೋಗ್ಯವಾಗಿದೆ ಅಂತ ತಿಳಿಯಿರಿ.

ನೀವು ಎಲೆಕ್ಟ್ರಾನಿಕ್ಸ್‌ನಿಂದ ಬಂದವರು, ಆದ್ದರಿಂದ ಇನ್ನೊಂದು ಮಾತು. ಈ ವಿಭಾಗಗಳಲ್ಲಿ ಎರಡು ಬಗೆಯ ಜನ ಇರುತ್ತಾರೆ, ಪ್ರಮೇಯ ಬರೆಯುವವರು ಮತ್ತು ಬೋರ್ಡ್ ಮೇಲೆ ಓಡಿಸುವವರು. ಎರಡೂ ಗೊತ್ತಿರುವವರು ಕಡಿಮೆ, ಅಂಥವರು ಸಿಕ್ಕರೆ ಬಿಡಬೇಡಿ. ಫಿಲ್ಟರ್ ಅನ್ನು ಕಂಪ್ಯೂಟರಿನಲ್ಲಿ ಬೇಕಾದಷ್ಟು ದಶಾಂಶ ಸ್ಥಾನ ಇಟ್ಟುಕೊಂಡು ವಿನ್ಯಾಸ ಮಾಡಬಹುದು. ಚಿಪ್‌ನಲ್ಲಿ ಸಿಗುವುದು 16 ಬಿಟ್, ಕೆಲವೊಮ್ಮೆ 8. ಒಂದೊಂದು ಬಿಟ್ ಕಳೆದುಕೊಂಡಾಗಲೂ ಸಿಗ್ನಲ್ ಮತ್ತು ಕ್ವಾಂಟೈಸೇಷನ್ ಗದ್ದಲದ (ಬೆಲೆಯನ್ನು ಹತ್ತಿರದ ಮಟ್ಟಕ್ಕೆ ಹೊಂದಿಸುವಾಗ ಬರುವ ತಪ್ಪಿನ) ನಡುವಿನ ಅಂತರ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಫೀಡ್‌ಬ್ಯಾಕ್ ಇರುವ ಫಿಲ್ಟರ್ ಆದರೆ ಇನ್ನೂ ಮೋಜು, ಇನ್‌ಪುಟ್ ನಿಂತ ಮೇಲೂ ಔಟ್‌ಪುಟ್ ಸಣ್ಣಗೆ ಕುಣಿಯುತ್ತಲೇ ಇರಬಹುದು. ಇದಕ್ಕೆ ಲಿಮಿಟ್ ಸೈಕಲ್ ಅನ್ನುತ್ತಾರೆ. 1970–80ರ ದಶಕಗಳಲ್ಲಿ ಈ ಸೀಮಿತ ಬಿಟ್ ಸಮಸ್ಯೆ ಮೇಲೆ ರಾಶಿ ಪೇಪರ್ ಬಂದವು. ಆಮೇಲೆ ಫ್ಲೋಟಿಂಗ್ ಪಾಯಿಂಟ್ ಅಗ್ಗವಾಯಿತು, ವಿಷಯ ಸತ್ತಿತು ಅಂದುಕೊಂಡರು. ಈಗ ನ್ಯೂರಲ್ ನೆಟ್‌ವರ್ಕ್‌ಗಳನ್ನು ಫೋನಿನಲ್ಲಿ ಓಡಿಸಲು 8 ಬಿಟ್‌ಗೂ 4 ಬಿಟ್‌ಗೂ ಇಳಿಸುವ ಕೆಲಸ ಜೋರಾಗಿ ನಡೆಯುತ್ತಿದೆ. ರೌಂಡಿಂಗ್ ತಪ್ಪು ಎಲ್ಲಿ ಸೇರಿಕೊಳ್ಳುತ್ತದೆ, ಎಲ್ಲಿ ಬೆಳೆಯುತ್ತದೆ ಅಂತ ಆಗ ಲೆಕ್ಕ ಹಾಕಿದವರಿಗೆ ಇದು ಹೊಸತಲ್ಲ.

ಅಲ್ಲಿಂದ ನೇರವಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಬರಬಹುದು. ಡೀಪ್ ಲರ್ನಿಂಗ್ ಈ ಕ್ಷೇತ್ರದ ಕೆಲವು ಕೋಣೆಗಳನ್ನು ಖಾಲಿ ಮಾಡಿಸಿದ್ದು ನಿಜ, ಸುಮ್ನೆ ಸಮಾಧಾನಕ್ಕೆ ಇಲ್ಲ ಅನ್ನುವುದಿಲ್ಲ. ಕೈಯಿಂದ ಫೀಚರ್ ಆರಿಸಿ ಮಾತು ಗುರುತಿಸುವುದು, ಚಿತ್ರದ ಅಂಚು ಹುಡುಕಿ ವಸ್ತು ಗುರುತಿಸುವುದು, ಇಂಥ ಕಡೆ 2012ರ ಆಚೀಚೆ ಆಟ ಬದಲಾಯಿತು. ಅದನ್ನೇ ನಂಬಿಕೊಂಡ ಥೀಸಿಸ್‌ಗಳು ಹಳತಾದವು.

ಆದರೆ ಆ ನೆಟ್‌ವರ್ಕ್‌ಗಳನ್ನು ತರಬೇತು ಮಾಡುವ ಬಗೆ ನೋಡಿ. 1959ರ ಕೊನೆಯ ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಬರ್ನಾರ್ಡ್ ವಿಡ್ರೊ ಅನ್ನುವ ಯುವ ಪ್ರೊಫೆಸರ್ ಮತ್ತು ಅವರ ವಿದ್ಯಾರ್ಥಿ ಟೆಡ್ ಹಾಫ್ ಸೇರಿ ಎಲ್‌ಎಂಎಸ್ (ಲೀಸ್ಟ್ ಮೀನ್ ಸ್ಕ್ವೇರ್ಸ್) ಅನ್ನುವ ಅಲ್ಗಾರಿದಮ್ ಕಂಡುಕೊಂಡರು, 1960ರಲ್ಲಿ ಪ್ರಕಟಿಸಿದರು. ನಿಯಮ ಒಂದೇ ಸಾಲು: ಬಂದ ತಪ್ಪನ್ನು ಇನ್‌ಪುಟ್‌ನಿಂದ ಗುಣಿಸಿ, ಒಂದು ಸಣ್ಣ ಸಂಖ್ಯೆಯಿಂದ ಗುಣಿಸಿ, ತೂಕಗಳಿಗೆ ಕೂಡಿಸು. ಅಷ್ಟೇ. ಅದನ್ನು ಅವರು ಮೊದಲು ಬಳಸಿದ್ದೇ ಅಡಾಲೈನ್ ಅನ್ನುವ, ಒಂದೇ ನರಕೋಶದಂತಿದ್ದ ಕಲಿಯುವ ಯಂತ್ರಕ್ಕೆ. ಪದರಗಳನ್ನು ಒಂದರ ಮೇಲೊಂದು ಪೇರಿಸಿದಾಗ ಅವರಿಗೆ ತರಬೇತಿಯ ದಾರಿ ಸಿಗಲಿಲ್ಲ, ಆಗ ಅದೇ ಅಲ್ಗಾರಿದಮ್ ಅಡಾಪ್ಟಿವ್ ಫಿಲ್ಟರ್ ಕಡೆ ಹರಿಯಿತು. ದೂರದ ಫೋನ್ ಕರೆಯಲ್ಲಿ ಪ್ರತಿಧ್ವನಿ ಅಳಿಸುವುದು, ತಾಯಿಯ ಹೃದಯದ ಸಿಗ್ನಲ್ ಕಳೆದು ಹೊಟ್ಟೆಯೊಳಗಿನ ಮಗುವಿನ ಇಸಿಜಿ ಹೊರತೆಗೆಯುವುದು, ಎಲ್ಲಕ್ಕೂ ಬಂತು. ಇವತ್ತಿನ ನೆಟ್‌ವರ್ಕ್ ಕಲಿಯುವ ಸ್ಟೋಕಾಸ್ಟಿಕ್ ಗ್ರೇಡಿಯಂಟ್ (ಕೆಲವೇ ಉದಾಹರಣೆಗಳಿಂದ ತಪ್ಪು ಇಳಿಯುವ ದಿಕ್ಕು ಊಹಿಸಿ ಹೆಜ್ಜೆ ಇಡುವ) ವಿಧಾನಕ್ಕೂ ಎಲ್‌ಎಂಎಸ್‌ಗೂ ಇರುವ ಅಂತರ, ತಪ್ಪನ್ನು ಪದರದಿಂದ ಪದರಕ್ಕೆ ಹಿಂದಕ್ಕೆ ದಾಟಿಸುವ ಚೈನ್ ರೂಲ್. ಉಳಿದದ್ದು ಅದೇ. ಹೆಜ್ಜೆ ದೊಡ್ಡದಾದರೆ ಅಲ್ಗಾರಿದಮ್ ಯಾಕೆ ಸಿಡಿದುಹೋಗುತ್ತದೆ, ಇನ್‌ಪುಟ್‌ನ ಐಗನ್ ಮೌಲ್ಯಗಳು ಹರಡಿಕೊಂಡಿದ್ದರೆ ಯಾಕೆ ನಿಧಾನ ಆಗುತ್ತದೆ ಅಂತ ಅಡಾಪ್ಟಿವ್ ಫಿಲ್ಟರ್ ಓದಿದವರಿಗೆ ಮೊದಲೇ ಗೊತ್ತು. ಅಂದಹಾಗೆ ಆ ವಿದ್ಯಾರ್ಥಿ ಹಾಫ್ ಆಮೇಲೆ ಇಂಟೆಲ್ ಸೇರಿ ಮೊದಲ ಮೈಕ್ರೋಪ್ರೊಸೆಸರ್ ರೂಪಿಸಿದವರಲ್ಲಿ ಒಬ್ಬರಾದರು.

ಇನ್‌ಪುಟ್ ಕಡೆಯಿಂದ ನೋಡಿದರೂ ಹಾಗೇ. ಮಾತು ಗುರುತಿಸುವ ದೊಡ್ಡ ಮಾಡೆಲ್‌ಗಳಲ್ಲಿ ಎಷ್ಟೋ ಈಗಲೂ 25 ಮಿಲಿಸೆಕೆಂಡ್ ವಿಂಡೋ, 10 ಮಿಲಿಸೆಕೆಂಡ್ ಹೆಜ್ಜೆಯ ಸ್ಪೆಕ್ಟ್ರೋಗ್ರಾಮ್ (ಯಾವ ಕ್ಷಣದಲ್ಲಿ ಯಾವ ಆವರ್ತನ ಎಷ್ಟಿದೆ ಅನ್ನುವ ಚಿತ್ರ) ತಿನ್ನುತ್ತವೆ. ಅದನ್ನು ಮಾಡಿಕೊಡುವುದು ಎಫ್‌ಎಫ್‌ಟಿ, ಅಂದರೆ ಫಾಸ್ಟ್ ಫೂರಿಯರ್ ಟ್ರಾನ್ಸ್‌ಫಾರ್ಮ್. 1965ರ ಕೂಲಿ ಮತ್ತು ಟ್ಯೂಕಿ ಪೇಪರ್, 1024 ಬಿಂದುಗಳಿಗೆ ಹತ್ತು ಲಕ್ಷಕ್ಕೂ ಮೀರಿದ ಗುಣಾಕಾರಗಳನ್ನು ಸುಮಾರು 5000ಕ್ಕೆ ಇಳಿಸಿತು. ಆ ಉಪಾಯ ಗಣಿತಜ್ಞ ಗೌಸ್‌ಗೆ 1805ರ ಹೊತ್ತಿಗೇ ಹೊಳೆದಿತ್ತು ಅಂತ ಆಮೇಲೆ ಪತ್ತೆಯಾಯಿತು. ಇನ್ನು ಎಂಆರ್‌ಐ, ರೇಡಾರ್ ಮುಂತಾದ ಕಡೆ ಡೇಟಾ ಸಿಗುವುದು ಕಡಿಮೆ, ಇಲ್ಲದ ಗಡ್ಡೆಯನ್ನು ಚಿತ್ರದಲ್ಲಿ ಸೃಷ್ಟಿಸಿದರೆ ಅನಾಹುತ. ಅಲ್ಲಿ ಈಗ ನಡೆಯುತ್ತಿರುವ ಒಳ್ಳೆಯ ಕೆಲಸ ಎರಡನ್ನೂ ಬೆರೆಸಿದ್ದು: ಹಳೆಯ ಪುನರಾವರ್ತಿತ ಅಲ್ಗಾರಿದಮ್‌ನ ಒಂದೊಂದು ಸುತ್ತನ್ನು ನೆಟ್‌ವರ್ಕ್‌ನ ಒಂದೊಂದು ಪದರವಾಗಿ ಬಿಚ್ಚಿ, ಅದರ ಸಂಖ್ಯೆಗಳನ್ನು ಡೇಟಾದಿಂದ ಕಲಿಸುವುದು. ನಿಮ್ಮ ಪ್ರೊಫೆಸರ್ ಎಂಆರ್‌ಐಗೆ ಹೋಗಿದ್ದಾರೆ ಅಂದರೆ ಅವರ ಇತ್ತೀಚಿನ ಪೇಪರ್‌ಗಳಲ್ಲಿ ಇದು ಇದ್ದರೂ ಇರಬಹುದು, ಹುಡುಕಿ.

ಗೈಡ್ ಆಯ್ಕೆಗೆ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಅವರ ಹಳೆಯ ವಿದ್ಯಾರ್ಥಿಗಳ ಪಟ್ಟಿ. ಎಷ್ಟು ಜನ ಮುಗಿಸಿದರು, ಎಷ್ಟು ವರ್ಷದಲ್ಲಿ, ಈಗ ಏನು ಮಾಡುತ್ತಿದ್ದಾರೆ, ಮುಗಿಸಿದ ಮೇಲೆ ಗೈಡ್ ಹೆಸರಿಲ್ಲದೆ ಸ್ವಂತ ಪೇಪರ್ ಬರೆದರೇ? ಎಲ್ಲರ ಥೀಸಿಸ್‌ಗಳೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಇದ್ದರೆ ಯೋಚಿಸಿ. ಅವರಲ್ಲಿ ಈಗಷ್ಟೇ ಮುಗಿಸಿದ ಒಬ್ಬರು, ಬಿಟ್ಟುಹೋದ ಒಬ್ಬರು ಸಿಕ್ಕರೆ ಇಬ್ಬರ ಹತ್ತಿರವೂ ಮಾತಾಡಿ. ಬಿಟ್ಟುಹೋದವರ ಮಾತಿನಲ್ಲಿ ಸ್ವಲ್ಪ ಸಿಟ್ಟು ಇರುತ್ತದೆ, ಅದನ್ನು ಕಳೆದು ಉಳಿದದ್ದನ್ನು ಇಟ್ಟುಕೊಳ್ಳಿ. ನಿವೃತ್ತಿಗೆ ಎಷ್ಟು ವರ್ಷ ಇದೆ ಅಂತಲೂ ತಿಳಿದುಕೊಳ್ಳಿ. ಸಂಕೋಚದ ಪ್ರಶ್ನೆಯೇ, ಆದರೆ ನಾಲ್ಕೈದು ವರ್ಷದ ಕೆಲಸಕ್ಕೆ ಕೈ ಹಾಕುವಾಗ ಕೇಳಲೇಬೇಕು. ಹಿರಿಯರಾದರೆ ಜೊತೆಗೊಬ್ಬ ಕಿರಿಯ ಸಹ-ಗೈಡ್ ಇರಲಿ.

ಆಮೇಲೆ ಮೇಲ್ ಬರೆಯಿರಿ. "ತಮ್ಮ ಸಂಶೋಧನೆಯಲ್ಲಿ ಅಪಾರ ಆಸಕ್ತಿ ಇದೆ" ಅನ್ನುವ ಮೇಲ್‌ಗಳು ಅವರಿಗೆ ರಾಶಿ ಬರುತ್ತವೆ, ಓದುವುದೂ ಇಲ್ಲ. ಅವರ ಒಂದು ಹಳೆಯ ಪೇಪರ್, ಒಂದು ಹೊಸ ಪೇಪರ್ ಓದಿ, ಹಳೆಯದರ ಒಂದು ಚಿತ್ರವನ್ನು ನೀವೇ ಪ್ರೋಗ್ರಾಂ ಬರೆದು ಮತ್ತೆ ತೆಗೆಯಲು ನೋಡಿ. ನಿಮ್ಮದು ಅವರದಕ್ಕೆ ಹೊಂದದೆ ಇರುವ ಸಾಧ್ಯತೆಯೇ ಜಾಸ್ತಿ. ಎಲ್ಲಿ ಹೊಂದಲಿಲ್ಲ, ಯಾವ ಸಂಖ್ಯೆ ಪೇಪರಿನಲ್ಲಿ ಕೊಟ್ಟಿರಲಿಲ್ಲ ಅಂತ ಮೂರು ಸಾಲಿನಲ್ಲಿ ಕೇಳಿ. ಇದಕ್ಕೆ ಉತ್ತರ ಬರೆಯದ ಪ್ರೊಫೆಸರ್ ಕಡಿಮೆ. ಅಂಕಪಟ್ಟಿ ಒಂದೇ ಪಿಡಿಎಫ್‌ನಲ್ಲಿ ಲಗತ್ತಿಸಿ, ಪ್ರಮಾಣಪತ್ರಗಳ ಕಟ್ಟು ಬೇಡ.